ಎಡಸುತ್ತಿನ ದೇವರು

ಬುಕ್ಕಾಂಬುಧಿ ಕೆರೆ ಈ ಸಲ ಕೋಡಿ ಬೀಳದೆ ಹೋಗಿದ್ದರೆ ಗುರುಶಾಂತಮ್ಮನ ಹೊಲಕ್ಕೆ ದೇವರೂ ಬರುತ್ತಿರಲಿಲ್ಲ, ದೇವರ ಬೆನ್ನಿಗೇ ಟಿವಿಯವರೂ ಬರುತ್ತಿರಲಿಲ್ಲ. ಆದರೆ ಕೆರೆ ಕೋಡಿ ಬಿತ್ತು. ಬಿದ್ದ ಮೇಲೆ ಜನ ಸುಮ್ಮನಿರುತ್ತಾರೆಯೇ? ಕಡೂರು, ತರೀಕೆರೆ, ಅಜ್ಜಂಪುರದಿಂದೆಲ್ಲ ಬೈಕು ಹತ್ತಿ ಬಂದು, ಹರಿಯುವ ನೀರಿಗೆ ಬೆನ್ನು ಹಾಕಿ ನಿಂತು, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ಮದುವೆ ಮನೆಗಳಲ್ಲಿ ಡ್ರೋನ್ ಹಾರಿಸಿ ಹೊಟ್ಟೆ ಹೊರೆಯುವ ಅಜ್ಜಂಪುರದ ಹೃಷಿಕೇಶ ಕೂಡ ಬಂದ. ಯೂಟ್ಯೂಬಿಗೆ ಆಗುತ್ತದೆ ಅಂತ ಡ್ರೋನನ್ನು ಕೆರೆಯ ಮೇಲೆ ಬಿಟ್ಟ. ಅದು ಕೋಡಿ ದಾಟಿ ಆಚೆಯ ದಿಣ್ಣೆಯ ಮೇಲಕ್ಕೆ ಹೋಯಿತು. ಅಲ್ಲಿ ಆಳುದ್ದ ಬೆಳೆದು ನಿಂತ ಮೆಕ್ಕೆಜೋಳದ ನಡುವೆ ಮೂರು ಗುಂಡನೆಯ ಸುತ್ತುಗಳು ಕಂಡವು. ಒಂದು ದೊಡ್ಡದು, ಒಂದು ಮಧ್ಯಮ, ಒಂದು ಸಣ್ಣದು. ಒಂದರಿಂದ ಇನ್ನೊಂದಕ್ಕೆ ಕಿರುದಾರಿ. ಒಳಗಿನ ದಂಟುಗಳು ಅಡ್ಡಾದಿಡ್ಡಿ ಬಿದ್ದಿರಲಿಲ್ಲ. ಚಾಪೆ ನೇಯ್ದ ಹಾಗೆ ಒಂದರ ಮೇಲೊಂದು ಒಂದೇ ಕಡೆಗೆ ಮಲಗಿದ್ದವು.

‘ಬುಕ್ಕಾಂಬುಧಿಗೆ ಇಳಿದವರು ಯಾರು?’ ಅಂತ ಹೆಸರಿಟ್ಟು ಹೃಷಿಕೇಶ ವಿಡಿಯೋ ಬಿಟ್ಟ. ಮಾರನೆಯ ದಿನ ಅದನ್ನು ನೋಡದ ಫೋನು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ.

ಆಮೇಲೆ ಬಾಯಿ ಇದ್ದವರೆಲ್ಲ ಬಾಯಿ ಬಿಟ್ಟರು. ಟಿವಿಯವರು ಬಂದು, ಮೂರು ಕಾಲಿನ ಹಾರುವ ತಟ್ಟೆಯೊಂದು ಇಲ್ಲಿ ಕೂತು ಎದ್ದುಹೋಗಿದೆ ಅಂದರು. ಜೋಳದ ಗರಿಯನ್ನು ಉಂಗುರದ ಹಾಗೆ ಸುತ್ತಿದ್ದು ಒಂದಷ್ಟು ಅಲ್ಲಿ ಬಿದ್ದಿತ್ತು. ಅದನ್ನು ಎತ್ತಿ ಹಿಡಿದು ಅನ್ಯಗ್ರಹದವರ ಒಡವೆ ಅಂದರು. ತರೀಕೆರೆಯ ಲಕ್ಷ್ಮೀಪತಿ ಮೇಷ್ಟ್ರು, ರಿಟೈರಾದ ಮೇಲೆ ಜಾತಕ ನೋಡುವವರು, ಇದು ವಿಷ್ಣುವಿನ ಚಕ್ರ ಅಂದರು. ಊರಿನ ಈಶ್ವರ ದೇವಸ್ಥಾನದ ಕಮಿಟಿಯವರಿಗೆ ಅದು ಹಿಡಿಸಲಿಲ್ಲ. ನಮ್ಮೂರಿನ ಹೊಲಕ್ಕೆ ಅವರ ದೇವರು ಯಾಕೆ ಬರುತ್ತಾನೆ? ಸುತ್ತು ಮೂರು, ಶಿವನ ಕಣ್ಣು ಮೂರು, ಲೆಕ್ಕ ಸರಿಹೋಯಿತು ಅಂದರು. ಇಷ್ಟೆಲ್ಲ ಕಿತ್ತಾಡಿದರೂ ಒಂದು ಮಾತಿಗೆ ಎಲ್ಲರೂ ಒಪ್ಪಿದ್ದರು. ಮನುಷ್ಯ ಏನನ್ನು ಸುತ್ತಿದರೂ ಬಲಕ್ಕೆ ಸುತ್ತುತ್ತಾನೆ. ಈ ದಂಟುಗಳು ಎಡಕ್ಕೆ ಸುತ್ತಿವೆ. ಆದ್ದರಿಂದ ಇದು ಮನುಷ್ಯರ ಕೈ ಅಲ್ಲ.

ಕಮಿಟಿಯ ಅಧ್ಯಕ್ಷ ತೀರ್ಥಪ್ಪ ಹಣೆ ತುಂಬ ವಿಭೂತಿ ಬಳಿದುಕೊಂಡು ಮೈಕಿನ ಮುಂದೆ ನಿಂತಿದ್ದ. ‘ಇದು ಮನುಷ್ಯ ಮಾತ್ರದೋರು ಮಾಡಿರೋದಲ್ಲ. ಸಾಕ್ಷಾತ್ ಮುಕ್ಕಣ್ಣ ಬಂದು ಕಣ್ಣು ಬಿಟ್ಟವ್ನೆ. ನಮ್ಮ ಮನೆಯೋರ ಹೊಲ ಅನ್ನೋದೇ ನಮ್ ಪುಣ್ಯ,’ ಅಂದ.

ಮನೆಯೋರು ಅಂದರೆ ಅವನ ಹೆಂಡತಿ ಗುರುಶಾಂತಮ್ಮ. ಟಿವಿಯಲ್ಲಿ ಗಂಡನ ಬಾಯಿಂದ ‘ಪುಣ್ಯ’ ಅನ್ನುವ ಮಾತು ಕೇಳಿ ಅವಳು ಹಾಕಿದ್ದ ರೊಟ್ಟಿ ಹೆಂಚಿನ ಮೇಲೇ ಸೀದುಹೋಯಿತು. ಯಾಕೆ ಅಂದರೆ ಅದೇ ಹೊಲವನ್ನು ಅವನು ಇಲ್ಲಿಯವರೆಗೆ ಕರೆದದ್ದು ಬೋಳುದಿಣ್ಣೆ ಅಂತ. ಅವಳಪ್ಪ ಸಾಯುವ ಮುಂಚೆ ಮಗಳಿಗೂ ಒಂದು ಪಾಲು ಇರಲಿ ಅಂತ ಬರೆದುಕೊಟ್ಟ ಎರಡು ಎಕರೆ ಅದು. ಅಣ್ಣಂದಿರು ಮುಖ ಗಂಟು ಹಾಕಿದರು. ಗಂಡ ನಕ್ಕ. ಕಲ್ಲು ಬೆಳೀಬಹುದು ಕಣೇ ಅಲ್ಲಿ, ಕಲ್ಲಿಗೆ ಒಳ್ಳೆ ರೇಟೈತೆ ಅಂದ. ಈ ವರ್ಷ ಅವಳೇ ನಿಂತು ಟ್ರ್ಯಾಕ್ಟರಿನಿಂದ ಉಳುಮೆ ಮಾಡಿಸಿ, ಅವಳೇ ಬೀಜ ತಂದು, ಹೆಣ್ಣಾಳು ಕರೆದು ಕಳೆ ತೆಗೆಸಿ, ಸೈನಿಕ ಹುಳ ಬಿದ್ದಾಗ ಒಂದೊಂದು ಗಿಡದ ಸುಳಿಗೂ ಕೈಯಾರೆ ಔಷಧಿ ಹಾಕಿದ್ದಳು. ಬೆಳೆ ಬಂತು. ಐವತ್ತನಾಲ್ಕರ ವಯಸ್ಸಿನಲ್ಲಿ, ನನ್ನದು ಅನ್ನುವ ನೆಲದಲ್ಲಿ, ನಾನು ಬೆಳೆದದ್ದು ಅನ್ನುವ ಬೆಳೆ. ಆ ಸುಖ ಏನು ಅಂತ ಗಂಡಸರಿಗೆ ಹೇಳಿದರೆ ತಿಳಿಯುವುದಿಲ್ಲ, ಹುಟ್ಟುವಾಗಲೇ ಹೊಲ ಇಟ್ಟುಕೊಂಡು ಹುಟ್ಟುತ್ತಾರೆ ಅವರು.

ತೆನೆ ಬಲಿಯುವ ಹೊತ್ತಿಗೆ ತೀರ್ಥಪ್ಪ ಒಂದು ಮಾತು ಹೇಳಿದ್ದ. ‘ಹೊಲದ ಒಳಗೆ ಹೋಗ್ಬ್ಯಾಡ. ಹಂದಿ ಸೇರ್ಕೊಂಡವೆ. ಮೊನ್ನೆ ಒಂದು ಕೋರೆ ಮಸೀತಾ ನಿಂತಿತ್ತು.’ ಗಂಡನಿಗೆ ತನ್ನ ಮೇಲೆ ಇಷ್ಟು ಕಾಳಜಿ ಯಾವಾಗ ಬಂತು ಅಂತ ಅವಳಿಗೆ ಆಶ್ಚರ್ಯವಾಗಿತ್ತು. ಆದರೂ ಅಂಚಿನಲ್ಲೇ ನಿಂತು ನೋಡಿಕೊಂಡು ಬರುತ್ತಿದ್ದಳು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯ ಬದಲು ಹಂದಿ, ಅಷ್ಟೇ.

ಟಿವಿಯವರು ಹೋದ ಮೇಲೆ ಅವಳು ಜನರ ಸಂದಿಯಲ್ಲಿ ನುಗ್ಗಿ, ಹಂದಿಯ ಮಾತು ಕೇಳಿದ ಮೇಲೆ ಮೊದಲ ಬಾರಿಗೆ ಒಳಗೆ ಕಾಲಿಟ್ಟಳು. ದೊಡ್ಡ ಸುತ್ತಿನ ಅಂಚಿನಲ್ಲಿ ಹೆಂಗಸರು ಆಗಲೇ ಊದುಬತ್ತಿ ಚುಚ್ಚಿದ್ದರು. ಗುರುಶಾಂತಮ್ಮ ಬಗ್ಗಿ ದಂಟು ಮುಟ್ಟಿದಳು. ಸುಳಿ ಒಳಗೆ, ಬುಡ ಹೊರಗೆ. ಒಂದು ಹಿಡಿಯ ಮೇಲೆ ಇನ್ನೊಂದು ಹಿಡಿ ಅರ್ಧ ಹತ್ತಿ ಕೂತಿದೆ. ಮೂರು ಹಿಡಿಗೊಮ್ಮೆ ಒಂದು ದಂಟನ್ನು ಅಡ್ಡ ಮುರಿದು ಬಿಗಿ ಕೊಟ್ಟಿದೆ. ಅವಳು ಹಾಗೆಯೇ ಕೂತುಬಿಟ್ಟಳು.

ಇದು ಬಣವೆ ಹಾಕುವ ಕೈ. ರಾಗಿ ಕೊಯ್ದ ಮೇಲೆ ಹುಲ್ಲಿನ ಬಣವೆ ಒಟ್ಟುವುದು ಎಲ್ಲರಿಗೂ ಬರುವ ಕೆಲಸವಲ್ಲ. ಸರಿಯಾಗಿ ಸುತ್ತದಿದ್ದರೆ ಮಳೆ ನೀರು ಒಳಗಿಳಿದು ಹುಲ್ಲೆಲ್ಲ ಮುಗ್ಗುತ್ತದೆ. ಈ ಸೀಮೆಯಲ್ಲಿ ಬಣವೆಗೆ ತೀರ್ಥಪ್ಪನ ಕೈಯೇ ಕೈ. ಎಮ್ಮೆದೊಡ್ಡಿಯಿಂದಲೂ ಅವನನ್ನು ಕರೆಯಲು ಬರುತ್ತಿದ್ದರು. ಅವನ ಬಣವೆಯನ್ನು ಅರ್ಧ ಮೈಲಿಯಿಂದ ಗುರುತು ಹಿಡಿಯಬಹುದಿತ್ತು. ಮಿಕ್ಕವರೆಲ್ಲ ಬಲಕ್ಕೆ ಸುತ್ತಿದರೆ ತೀರ್ಥಪ್ಪ ಎಡಕ್ಕೆ ಸುತ್ತುತ್ತಿದ್ದ. ಅವನು ಎಡಚ. ಮದುವೆಯಾಗಿ ಬಂದ ವರ್ಷದಿಂದ ಅವಳು ಕೆಳಗೆ ನಿಂತು ಹುಲ್ಲಿನ ಹೊರೆ ಎತ್ತಿ ಎತ್ತಿ ಆ ಎಡಗೈಗೆ ಕೊಟ್ಟವಳು. ಬೇರೆಯವರಿಗೆ ಮುಕ್ಕಣ್ಣನೋ ಚಕ್ರವೋ ಕಂಡರೆ ಅವಳಿಗೆ ಕಂಡದ್ದು ತನ್ನ ಗಂಡ.

ಅವಳು ಮುಂಗೈಯಿಂದ ದಂಟು ಸರಿಸುತ್ತ ಸುತ್ತಿನೊಳಗೆ ನಡೆದಳು. ಜನರು ಭಕ್ತಿ ಅಂದುಕೊಂಡರು. ನಾಲ್ಕು ದಿಕ್ಕಿಗೆ ನಾಲ್ಕು ಕುಂಡೆ ಊರಿ ಊರಿ ತಗ್ಗಾಗಿದ್ದ ಗುರುತು. ಮೂಡಣದ ತಗ್ಗಿನ ಪಕ್ಕ ಎಲೆ ಅಡಿಕೆ ಉಗಿದು ಕೆಂಪಗಾದ ನೆಲ. ಅದು ಕಮಿಟಿ ಕಾರ್ಯದರ್ಶಿ ರುದ್ರಮೂರ್ತಿ, ಉಗುಳದೆ ಮಾತು ಮುಗಿಸದವನು. ಪಡುವಣದಲ್ಲಿ ಅರ್ಧ ಸೇದಿ ಕಿವುಚಿದ ಬೀಡಿಗಳು, ಅದು ಕಮಿಟಿಯ ಸದಸ್ಯ ಶಿವಕುಮಾರ್. ಇನ್ನೊಂದು ಕಡೆ ಗುಟ್ಕಾ ಚೀಟಿಯನ್ನು ದೋಣಿ ಮಾಡಿ ಇಟ್ಟಿತ್ತು; ಕಮಿಟಿಯ ಇನ್ನೊಬ್ಬ ಸದಸ್ಯ ಗೊಬ್ಬರದಂಗಡಿ ಕಲ್ಲೇಶ್ ಗಿರಾಕಿ ಇಲ್ಲದಾಗ ಕೂತು ಮಾಡುವ ಕೆಲಸ ಅದೇ. ನಾಲ್ಕನೆಯ ತಗ್ಗಿಗೆ ಬೆನ್ನಿಗೆ ಒರಗು ಬೇರೆ ಕಟ್ಟಿತ್ತು, ಅದು ತೀರ್ಥಪ್ಪ, ಮಂಡಿ ನೋವಿನ ಮನುಷ್ಯ. ದಂಟಿನ ಅಡಿಯಲ್ಲಿ ಕೈ ಹಾಕಿದಾಗ ಒಂದು ಇಸ್ಪೀಟು ಎಲೆ ಸಿಕ್ಕಿತು. ಕಳಾವರ ಎಂಟು. ಅದನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡಳು.

ಎಲ್ಲವೂ ಬೆಳಕಾಯಿತು. ಕಳೆದ ಶಿವರಾತ್ರಿಗೆ ಮಠದ ಸ್ವಾಮಿಗಳು ಊರಿಗೆ ಬಂದಾಗ, ಇನ್ನು ಈ ಊರಲ್ಲಿ ಯಾರೂ ಇಸ್ಪೀಟು ಮುಟ್ಟುವುದಿಲ್ಲ ಅಂತ ವಿಭೂತಿ ಹಿಡಿದು ಮೊದಲು ಆಣೆ ಮಾಡಿದವರು ಈ ನಾಲ್ವರೇ. ಅರಳಿಕಟ್ಟೆಗೆ ಬೋರ್ಡು ಬರೆಸಿ ಹಾಕಿದವರೂ ಇವರೇ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಬೋರ್ಡಿಗೆ ಬಣ್ಣ ಒಣಗುವ ಮುಂಚೆ ಕೈ ತುರಿಸಿದೆ. ಆದರೆ ಕಟ್ಟೆಯಲ್ಲಿ ಕೂರುವ ಹಾಗಿಲ್ಲ, ಮನೆಯಲ್ಲಿ ಕೂರುವ ಹಾಗಿಲ್ಲ. ಜೋಳ ಆಳೆತ್ತರ ಬಂದಿದೆ, ಹೆಂಡತಿಗೆ ಹಂದಿಯ ಭಯ ಹಾಕಿದರೆ ಮುಗಿಯಿತು. ಮಧ್ಯಾಹ್ನ ಊಟವಾದ ಮೇಲೆ ದೇವಸ್ಥಾನದ ಕೆಲಸ ಅಂತ ಹೊರಟು ಇಲ್ಲಿ ಬಂದು ಎಲೆ ಹಂಚಿಕೊಂಡು ಇಪ್ಪತ್ತೆಂಟರ ಆಟ ಆಡಿದ್ದಾರೆ. ಸೋತವನ ಕಿವಿಗೆ ಜೋಳದ ಗರಿಯ ಓಲೆ. ಒಂದು ಕಡೆ ಕೆಂಜಿಗ ಮುತ್ತಿದರೆ ಇನ್ನೊಂದು ಕಡೆ ಸುತ್ತು ಹೊಡೆದಿದ್ದಾರೆ.

ಗುರುಶಾಂತಮ್ಮನಿಗೆ ನಗು ಬಂತು. ಇಸ್ಪೀಟಿಗೆ ಅವಳ ತಕರಾರು ಅಷ್ಟೇನೂ ಇರಲಿಲ್ಲ. ಗಂಡಸರು ಮನೆಯಲ್ಲಿದ್ದು ಅಡುಗೆಗೆ ಹೆಸರಿಡುವುದಕ್ಕಿಂತ ಅದೇ ವಾಸಿ. ಮನೆಗೆ ಹೋಗಿ ನಾಲ್ಕು ಮಾತು ಅಂದು, ಒಂದು ವಾರ ಸಪ್ಪೆ ಸಾರು ಹಾಕಿ ಬಿಡೋಣ ಅಂದುಕೊಂಡಳು.

ಅಷ್ಟರಲ್ಲಿ ಹೊಲದ ಬದುವಿನ ಮೇಲೆ ಕಮಿಟಿಯ ಮೀಟಿಂಗು ನಡೆದು ರುದ್ರಮೂರ್ತಿ ಎದ್ದು ನಿಂತ. ‘ಬರೋ ಕಾರ್ತಿಕ ಸೋಮವಾರ ಇಲ್ಲಿ ಕಲ್ಲು ನೆಟ್ಟು ಪೂಜೆ ಮಾಡದು ಅಂತ ತೀರ್ಮಾನ ಆಗೈತೆ. ಅಲ್ಲೀವರ್ಗೂ ಯಾರೂ ಬೆಳೆ ಮುಟ್ಟಂಗಿಲ್ಲ. ಮುಂದೆ ಗುಡಿ, ಭಕ್ತರಿಗೆ ನೆರಳು, ದಾಸೋಹಕ್ಕೊಂದು ಶೆಡ್ಡು. ಜಾಗ ಬಿಟ್ಟುಕೊಟ್ಟಿದ್ದಕ್ಕೆ ಅಧ್ಯಕ್ಷರಿಗೆ ಊರೇ ಋಣಿ,’ ಅಂದ. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷ ತೀರ್ಥಪ್ಪ ಕೈ ಮುಗಿದ.

ಆಗ ಅವಳ ನಗು ಹೊರಟುಹೋಯಿತು. ಈ ನಾಡಿನಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು, ನೆಲದಲ್ಲಿ ಒಂದು ಕಲ್ಲು ನೆಟ್ಟು ಅರಿಶಿನ ಕುಂಕುಮ ಹಚ್ಚಿದರೆ ಆ ಕಲ್ಲನ್ನು ಯಾವ ತಹಸೀಲ್ದಾರನೂ ಅಲ್ಲಾಡಿಸಲಾರ. ಖಾತೆ ಅವಳ ಹೆಸರಲ್ಲಿರುತ್ತದೆ, ಕಂದಾಯ ಅವಳು ಕಟ್ಟುತ್ತಾಳೆ, ನೆಲ ಮಾತ್ರ ದೇವರದ್ದು. ಹೊಲವೂ ಹೋಯಿತು, ಬೆಳೆಯೂ ಹೋಯಿತು.

ಅವಳು ಪಕ್ಕದಲ್ಲಿದ್ದ ಪಾಪಮ್ಮನ ಕಿವಿಯಲ್ಲಿ, ‘ಅಜ್ಜಿ, ಇದು ದೇವ್ರಲ್ಲ. ಗಂಡಸ್ರು ಮಾಡಿರೋ ಕೆಲಸ,’ ಅಂದಳು. ಪಾಪಮ್ಮ ಊರಿನ ಹಿರಿಯಳು. ಒಂದು ಕಾಲಕ್ಕೆ ಕೋಡಿ ಚೌಡಮ್ಮ ಅವಳ ಮೈಮೇಲೆ ಬರುತ್ತಿದ್ದಳು, ವಯಸ್ಸಾದ ಮೇಲೆ ಅಮ್ಮ ಬರುವುದು ನಿಲ್ಲಿಸಿದ್ದಳು. ಮುದುಕಿ, ‘ಹೆಂಗಸು ಹೇಳಿದ್ರೆ ಯಾರವ್ವಾ ಕೇಳ್ತಾರೆ? ಬಿಡ್ತು ಅನ್ನು ಅಂತಾರೆ,’ ಅಂದಳು. ಅದು ಸುಳ್ಳಾಗಿರಲಿಲ್ಲ.

ಊಟಕ್ಕೆ ಕೂತಾಗ ಗುರುಶಾಂತಮ್ಮ ಗಂಡನಿಗೆ ಒಂದು ಅವಕಾಶ ಕೊಟ್ಟಳು. ಕೊಡಲೇಬೇಕು, ಎಷ್ಟಾದರೂ ತಾಳಿ ಕಟ್ಟಿದವನು. ಮುದ್ದೆಗೆ ತುಪ್ಪ ಬಿಟ್ಟು, ‘ಏನ್ರೀ, ಆ ಕಲ್ಲು ನೆಡದು ಬ್ಯಾಡ ಅಂದ್ಬಿಡ್ರಿ. ಮಳೆ ಬರಂಗೈತೆ ಅಂತಾವ್ರೆ. ತೆನೆ ಕೊಯ್ಕತೀನಿ,’ ಅಂದಳು.

‘ನಾನ್ಯಾರೇ ಬ್ಯಾಡ ಅನ್ನಕ್ಕೆ? ದೇವ್ರ ಇಚ್ಛೆ.’

‘ನಿಜವಾಗ್ಲೂ ದೇವ್ರದ್ದೇನಾ?’

ತೀರ್ಥಪ್ಪನ ಕೈಯಲ್ಲಿದ್ದ ತುತ್ತು ಸಾರಿನಲ್ಲಿ ಮುಳುಗಿ ಮೇಲೆ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಆದರೆ ಮನುಷ್ಯ ಒಪ್ಪಿಕೊಳ್ಳಲಿಲ್ಲ. ‘ಇನ್ಯಾರದ್ದೇ ಮತ್ತೆ? ಟಿವಿಯೋರೇ ಹೇಳಿಲ್ವಾ? ಎರಡೆಕ್ರೆ ಬೋಳುದಿಣ್ಣೆ ತಾನೆ, ಹೋದ್ರೆ ಹೋಯ್ತು. ದೇವ್ರಿಗೆ ಕೊಟ್ಟಿದ್ದು ಯಾವತ್ತೂ ಲುಕ್ಸಾನಲ್ಲ.’

ಇಸ್ಪೀಟು ಆಡಿದ್ದು ಹೋಗಲಿ, ಹಂದಿ ಅಂತ ಸುಳ್ಳು ಹೇಳಿದ್ದು ಹೋಗಲಿ. ತನ್ನ ಮರ್ಯಾದೆ ಮುಚ್ಚಿಕೊಳ್ಳಲು ಹೆಂಡತಿಯ ನೆಲವನ್ನು ಹೊದೆಯುತ್ತಾನಲ್ಲ. ರವಿಕೆಯೊಳಗಿದ್ದ ಎಲೆಯನ್ನು ತೆಗೆದು ತಟ್ಟೆಗೆ ಹಾಕೋಣ ಅನ್ನಿಸಿತು. ಹಾಕಿದರೆ? ಅವನು ಅದೆಲ್ಲಿಂದ ತಂದೆ ಅನ್ನುತ್ತಾನೆ. ಊರಿಗೆ ತೋರಿಸಿದರೆ ಕಮಿಟಿಯವರು ಒಂದಾಗಿ ಅವಳನ್ನೇ ದೇವರ ದ್ರೋಹಿ ಮಾಡುತ್ತಾರೆ.

‘ಆಗ್ಲಿ. ದೇವ್ರ ಇಚ್ಛೆ ಅಂದ್ಮೇಲೆ ದೇವ್ರನ್ನೇ ಕೇಳಾಣ,’ ಅಂದಳು. ಅವನಿಗೆ ಅರ್ಥವಾಗಲಿಲ್ಲ, ಇನ್ನೊಂದು ಮುದ್ದೆ ಕೇಳಿದ.

ಸೋಮವಾರ ಬೆಳಿಗ್ಗೆ ಕಲ್ಲನ್ನು ಟ್ರ್ಯಾಕ್ಟರಿನಲ್ಲಿ ತಂದು ಇಳಿಸಿದ್ದರು. ಕಮಿಟಿಯ ನಾಲ್ವರೂ ಮಡಿಪಂಚೆ ಉಟ್ಟು ದೊಡ್ಡ ಸುತ್ತಿನ ನಡುವೆ ಗುಣಿ ತೋಡಿಸುತ್ತಿದ್ದರು. ಮೂರು ತಾಲ್ಲೂಕಿನ ಜನ, ತಟ್ಟೆ ಇಡ್ಲಿ ಗಾಡಿ, ಹೃಷಿಕೇಶನ ಡ್ರೋನು, ಎಲ್ಲ ಇತ್ತು. ಗುರುಶಾಂತಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ತುದಿಗಂಟು ಹಾಕಿ, ಪೂಜೆ ತಟ್ಟೆ ಹಿಡಿದು ಬಂದಳು. ಗುಣಿಯ ಮುಂದೆ ನಿಂತು ಒಂದು ಆಕಳಿಸಿದಳು.

ಆಕಳಿಕೆಯಿಂದಲೇ ಶುರುವಾಗುವುದು ಅಂತ ಪಾಪಮ್ಮನನ್ನು ಎಷ್ಟೋ ಸಲ ನೋಡಿದ್ದ ಅವಳಿಗೆ ಗೊತ್ತಿತ್ತು. ಎರಡನೆಯ ಆಕಳಿಕೆಗೆ ಹೆಂಗಸರು ಹಿಂದೆ ಸರಿದರು. ಮೂರನೆಯದಕ್ಕೆ ತಟ್ಟೆ ಕೆಳಗೆ ಬಿತ್ತು. ಕೂದಲು ಬಿಚ್ಚಿತು, ಮೈ ನಡುಗಿತು, ಯಾರೋ ಓಡಿಹೋಗಿ ಬೇವಿನ ಸೊಪ್ಪು ತಂದು ಕೈಗೆ ಕೊಟ್ಟರು. ಪಾಪಮ್ಮ ಕೋಲೂರಿಕೊಂಡು ಮುಂದೆ ಬಂದು ಕೇಳಬೇಕಾದ್ದನ್ನು ಕೇಳಿದಳು. ‘ಯಾವ ತಾಯಿ ನೀನು? ಯಾಕ್ ಬಂದೆ?’

‘ಕೋಡಿ ಚೌಡಿ ಕಣೇ ನಾನು. ನನ್ ಜಾಗಕ್ಕೆ ನನ್ ಕೇಳ್ದೆ ಯಾವನ್ಲೇ ಕಲ್ಲು ತಂದೋನು?’

ಜನ ಕೈ ಮುಗಿದರು. ತೀರ್ಥಪ್ಪನ ಬಾಯಿ ತೆರೆದೇ ಇತ್ತು.

‘ಲೇ ತೀರ್ಥ, ಬಾರೋ ಮುಂದಕ್ಕೆ.’

ಮದುವೆಯಾದಾಗಿನಿಂದ ‘ರೀ’ ಬಿಟ್ಟು ಇನ್ನೊಂದು ಅಕ್ಷರದಿಂದ ಅವನನ್ನು ಕರೆದಿರದ ಗುರುಶಾಂತಮ್ಮನಿಗೆ ಆ ‘ಲೇ’ ಬಾಯಿಂದ ಹೊರಬಿದ್ದ ಕೂಡಲೇ ಮೈಯೆಲ್ಲ ಹಗುರವಾಯಿತು. ಇಷ್ಟು ರುಚಿಯಾದದ್ದನ್ನು ಇಷ್ಟು ವರ್ಷ ಯಾಕೆ ಬಿಟ್ಟಿದ್ದೆ ಅನ್ನಿಸಿತು. ಅವನು ಬಂದ. ದೇವರು ಕರೆದರೆ ಬಾರದೆ ಇರುವ ಹಾಗಿಲ್ಲ, ಅದು ಊರಿನ ಕಟ್ಟಳೆ.

‘ನಂಗೆ ಬೆನ್ನಿಗೆ ಒರಗು ಯಾಕೋ ಕಟ್ದೆ ಇಲ್ಲಿ? ನಾನೇನು ಮಂಡಿ ನೋವಿನ ಮುದುಕೀನಾ?’ ಜನಕ್ಕೆ ತಿಳಿಯಲಿಲ್ಲ. ತೀರ್ಥಪ್ಪನಿಗೆ ತಿಳಿಯಿತು, ವಿಭೂತಿಯ ಮೇಲೆ ಬೆವರು ಇಳಿಯಿತು. ಅವಳು ಬೇವಿನ ಸೊಪ್ಪಿನಿಂದ ಮೂಡಣಕ್ಕೆ ತೋರಿಸಿದಳು. ‘ಅಲ್ಲಿ ಉಗುಳಿದೋನು ಎಲ್ಲವ್ನೆ? ಇಲ್ಲಿ ಬೀಡಿ ಸೇದಿ ನನ್ ಮಡಿಲಿಗೆ ಉಜ್ಜಿದೋನು ಎಲ್ಲವ್ನೆ? ಚೀಟೀಲಿ ದೋಣಿ ಮಾಡ್ದೋನೇ, ಯಾವ ಕೆರೇಲಿ ಬಿಡ್ತೀಯೋ ಅದ್ನ? ನಾಕು ಗೋಡೆ ಒಳಗೆ ಮಾಡಿದ್ದೂ ನಂಗೆ ಕಾಣ್ತದೆ. ಹೆಸರು ಹೇಳ್ಲೋ, ನೀವೇ ಬತ್ತೀರೋ?’

ಕಲ್ಲೇಶ್ ಮೊದಲು ಬಂದು ಅಡ್ಡಬಿದ್ದ. ಶಿವಕುಮಾರ್ ಜೇಬಿನ ಬೀಡಿ ಕಟ್ಟನ್ನು ಗುಣಿಗೆ ಎಸೆದು ಅವನ ಪಕ್ಕ ಮಲಗಿದ. ಜನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಮಿಟಿಯವರ ಭಕ್ತಿಗೆ ಕೆಲವರು ಕಣ್ಣೊರೆಸಿಕೊಂಡರು.

ಗುರುಶಾಂತಮ್ಮ ತೀರ್ಪು ಕೊಟ್ಟಳು. ‘ಬೆಳೆ ಕೊಯ್ದು ನನ್ ಮೈ ಹಗುರ ಮಾಡ್ರಿ. ಕಮಿಟಿ ನಾಕು ಜನವೇ ಕೊಯ್ಬೇಕು. ಬರಿಗಾಲು. ಆಳು ಹಿಡೀಬಾರ್ದು, ಮಿಷಿನ್ ತರಬಾರ್ದು. ಒಂದು ತೆನೆ ಆಚೀಚೆ ಆಗ್ದಂಗೆ ಈ ಹೆಣ್ಮಗಳ ಅಂಗಳಕ್ಕೆ ಹಾಕ್ಬೇಕು. ಕಲ್ಲು ತಗಂಡೋಗಿ ತಂದೋನ ಹಿತ್ತಲಲ್ಲಿ ಬಟ್ಟೆ ಒಗೆಯಕ್ಕೆ ಹಾಕ್ಕಳ್ಳಿ. ನಂಗೆ ಕೋಡಿ ಐತೆ, ಸಾಕು.’

ಎಲ್ಲ ಮುಗಿಯಿತು ಅಂದುಕೊಂಡಳು. ಮುಗಿದಿರಲಿಲ್ಲ. ರುದ್ರಮೂರ್ತಿ ಮಲಗಿರಲಿಲ್ಲ, ನಿಂತೇ ಇದ್ದ. ಕೋರ್ಟು ಕಚೇರಿ ಅಲೆದ ಮನುಷ್ಯ, ಸುಲಭಕ್ಕೆ ಬಗ್ಗುವವನಲ್ಲ. ಎಲೆ ಅಡಿಕೆ ನುಂಗಿಕೊಂಡು ಕೈ ಮುಗಿದು, ‘ತಾಯೇ, ನೀನ್ ಹೇಳಿದ್ದು ಆಗ್ಲಿ. ಆದ್ರೆ ಸತ್ಯದ ಗುರುತು ಬೇಕಲ್ಲ? ಹಿಂದಿಂದ್ಲೂ ನಡ್ಕಂಡು ಬಂದಿರದು. ಅಂಗೈಲಿ ಕರ್ಪೂರ ಹಿಡಿ,’ ಅಂದ.

ಇದು ಗುರುಶಾಂತಮ್ಮನ ಲೆಕ್ಕದಲ್ಲಿ ಇರಲಿಲ್ಲ. ಕೈ ಹಿಂದಕ್ಕೆ ತೆಗೆದರೆ ಸುಳ್ಳು ದೇವರು. ಕಲ್ಲು ನಿಲ್ಲುತ್ತದೆ, ಹೊಲ ಹೋಗುತ್ತದೆ, ಇನ್ನು ಸಾಯುವವರೆಗೆ ಊರ ಬಾಯಿಗೆ ಅವಳೇ ಅವಲಕ್ಕಿ. ಪಾಪಮ್ಮ ಕರ್ಪೂರದ ಡಬ್ಬಿ ಇಸಿದುಕೊಂಡು, ಬಹಳ ಹೊತ್ತು ಬೆರಳಾಡಿಸಿ, ಇದ್ದುದರಲ್ಲಿ ಸಣ್ಣ ಬಿಲ್ಲೆ ಹುಡುಕಿ ಅವಳ ಅಂಗೈಯಲ್ಲಿಟ್ಟು ಕಡ್ಡಿ ಗೀರಿದಳು.

ಮೊದಲು ಬೆಚ್ಚಗಾಯಿತು, ಆಮೇಲೆ ಸುಟ್ಟಿತು, ಆಮೇಲೆ ಅದು ಸುಡುವುದಕ್ಕಿಂತ ಹೆಚ್ಚಿನದೇನೋ ಆಗಿ ಭುಜದವರೆಗೆ ಹತ್ತಿತು. ಕಣ್ಣಲ್ಲಿ ನೀರು ಒತ್ತಿ ಬಂತು. ಅಪ್ಪನ ದಿಣ್ಣೆ, ನನ್ನ ಜೋಳ, ನನ್ನ ಜೋಳ ಅಂತ ಮನಸ್ಸಿನಲ್ಲೇ ಹಲ್ಲು ಕಚ್ಚಿದಳು. ಕೂಗಿಬಿಟ್ಟರೆ ಕೆಟ್ಟೆ ಅನ್ನಿಸಿದಾಗ ಆ ಕೂಗನ್ನು ಮಾತು ಮಾಡಿಕೊಂಡು ಉರಿಯುವ ಕೈಯನ್ನು ರುದ್ರಮೂರ್ತಿಯ ಮೂಗಿನವರೆಗೆ ಚಾಚಿದಳು.

‘ನನ್ ಗುರುತು ನೋಡಿದ್ಯಲ್ಲ. ಈಗ ನಿನ್ ಗುರುತು ತೋರ್ಸು ರುದ್ರ. ಹಿಡಿ ಕೈ.’

ರುದ್ರಮೂರ್ತಿ ಮಡಿಪಂಚೆ ಸಮೇತ ಮಣ್ಣಿಗೆ ಬಿದ್ದ.

ಆ ವಾರ ಬುಕ್ಕಾಂಬುಧಿಯ ಜನಕ್ಕೆ ಟಿವಿ ನೋಡುವ ಅಗತ್ಯ ಬರಲಿಲ್ಲ. ಹೊಲದ ಬದುವಿನಲ್ಲಿ ಕೂತರೆ ಸಾಕಾಗಿತ್ತು. ಕಮಿಟಿಯ ನಾಲ್ವರು ಬರಿಗಾಲಲ್ಲಿ ಕೂಳೆ ಚುಚ್ಚಿಸಿಕೊಂಡು, ಗರಿಯಲ್ಲಿ ಮುಖ ಕೊಯ್ಯಿಸಿಕೊಂಡು, ಬಿಸಿಲಲ್ಲಿ ತೆನೆ ಮುರಿದರು. ಕಲ್ಲೇಶನಿಗೆ ಅಂಗೈಯಲ್ಲಿ ಬೊಬ್ಬೆ, ರುದ್ರಮೂರ್ತಿ ಸೊಂಟ ಹಿಡಿದು ಬಗ್ಗಿದವನು ಬಗ್ಗಿದ ಹಾಗೆಯೇ ಮನೆಗೆ ಹೋದ. ತೀರ್ಥಪ್ಪ ಮೂರು ಸುತ್ತಿನ ದಂಟನ್ನೂ ತಾನೇ ಕಿತ್ತು ಹೊತ್ತ, ಮಾಡಿದ್ದುಣ್ಣೋ ಮಹಾರಾಯ. ಬೆಳೆ ಹೋದ ಮೇಲೆ ಅದು ಬರೀ ಕೂಳೆಯ ನೆಲ; ಮುಕ್ಕಣ್ಣನೂ ಇಲ್ಲ, ಚಕ್ರವೂ ಇಲ್ಲ. ಹೃಷಿಕೇಶ ಒಂದು ಸಲ ಡ್ರೋನು ಹಾರಿಸಿ ನೋಡಿ, ಮದುವೆ ಸೀಸನ್ನಿಗೆ ಬ್ಯಾಟರಿ ಉಳಿಯಲಿ ಅಂತ ಇಳಿಸಿಕೊಂಡು ಹೋದ.

ಗುರುಶಾಂತಮ್ಮನ ಅಂಗಳದಲ್ಲಿ ಜೋಳದ ರಾಶಿ ಬಿತ್ತು. ಮಳೆ ಬರುವ ಮುಂಚೆ ಒಣಗಿ ಒಕ್ಕಣೆಯೂ ಆಯಿತು. ಅವಳು ಜಗಲಿಯಲ್ಲಿ ಕೂತು, ಸುಟ್ಟ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಎಡಗೈಯಿಂದ ಆ ಕಾಳನ್ನು ಎತ್ತಿ ಎತ್ತಿ ಬಿಡುತ್ತಿದ್ದಳು. ಅ‍ಷ್ಟು ಸಂತೋಷ ಅವಳಿಗೆ ಮಕ್ಕಳಾದಾಗಲೂ ಆಗಿರಲಿಲ್ಲ. ಆಗ ನೋವು ಹೆಚ್ಚಿತ್ತು.

ತೀರ್ಥಪ್ಪ ಮಾತ್ರ ಬೆಕ್ಕಿನ ಹೆಜ್ಜೆ ಇಡುತ್ತ ಓಡಾಡುತ್ತಿದ್ದ. ಅವನ ಕಷ್ಟ ದೊಡ್ಡದು. ಅವತ್ತು ಬಂದದ್ದು ಹೆಂಡತಿ ಆಗಿದ್ದರೆ ಹೆಂಡತಿಗೆ ಗೊತ್ತು. ಚೌಡಿ ಆಗಿದ್ದರೆ ಚೌಡಿಗೆ ಗೊತ್ತು. ಯಾವುದು ವಾಸಿ ಅಂತ ತೀರ್ಮಾನವಾಗದೆ ನಿದ್ದೆ ಕೆಟ್ಟಿದ್ದ. ಒಂದು ದಿನ ಧೈರ್ಯ ಮಾಡಿ, ‘ಅವತ್ತು ಹೊಲದಾಗೆ ಆಗಿದ್ದು ನಿಂಗೇನಾರ ಗ್ಯಾಪ್ಕ ಐತಾ?’ ಅಂದ.

‘ಏನಾಯ್ತುರೀ?’ ಅಂದಳು. ಅವನು ಏನಿಲ್ಲ ಅಂದು ಕೊಟ್ಟಿಗೆಗೆ ಹೋಗಿ ಸಗಣಿ ಬಾಚಿದ. ಅವನು ಸಗಣಿ ಬಾಚಿದ್ದನ್ನು ಅವಳು ಅದೇ ಮೊದಲು ನೋಡಿದ್ದು. ಸಾಕು, ಇನ್ನೊಂದೆರಡು ದಿನ ಆಟ ಆಡಿಸಿ ಕಳಾವರ ಎಂಟನ್ನು ಅವನ ದಿಂಬಿನ ಕೆಳಗೆ ಇಟ್ಟುಬಿಡುವುದು, ಇಬ್ಬರೂ ನಕ್ಕು ಮುಗಿಸುವುದು ಅಂದುಕೊಂಡಿದ್ದಳು.

ಮಾರನೆಯ ಬೆಳಿಗ್ಗೆ ಶಿವಕುಮಾರನ ಹೆಂಡತಿ ಪಂಕಜಾಕ್ಷಿ ಒಂದು ಬಟ್ಟಲಲ್ಲಿ ಬೆಣ್ಣೆ ತಂದಳು. ಬಂದವಳು ಮಾತಾಡದೆ ಗುರುಶಾಂತಮ್ಮನ ಬಲಗೈಯನ್ನು ಸೆರಗಿನಿಂದ ಹೊರಗೆ ಎಳೆದುಕೊಂಡು ಅಂಗೈಯ ಗಾಯಕ್ಕೆ ಬೆಣ್ಣೆ ಸವರಿದಳು.

‘ಅಮ್ಮ ಬಂದೋರ ಕೈ ಹಿಂಗೆ ಬೊಬ್ಬೆ ಏಳಲ್ಲ ಕಣಕ್ಕ. ಪಾಪಮ್ಮಜ್ಜಿ ಕೈ ಯಾವತ್ತೂ ಎದ್ದಿರ್ಲಿಲ್ಲ,’ ಅಂದಳು.

ಗುರುಶಾಂತಮ್ಮ ನಕ್ಕಳು. ಸಿಕ್ಕಿಬಿದ್ದೆ, ಇನ್ನು ಇವಳ ಜೊತೆ ಕೂತು ಎಲ್ಲ ಹೇಳಿಕೊಂಡು ಹೊಟ್ಟೆ ಹಿಡಿದು ನಗಬಹುದು ಅನ್ನಿಸಿತು. ‘ಕೂತ್ಕ ಹೇಳ್ತೀನಿ. ಆ ನಾಕು ಜನ ಏನ್ ಮಾಡಿದ್ರು ಗೊತ್ತೇನೇ...’

‘ಹೇಳ್ಬ್ಯಾಡ.’ ಪಂಕಜಾಕ್ಷಿ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದಳು. ‘ನಂಗೂ ಹೇಳ್ಬ್ಯಾಡ, ಯಾರ್ಗೂ ಹೇಳ್ಬ್ಯಾಡ. ನಾಕು ಗೋಡೆ ಒಳಗಿಂದು ಕಾಣ್ತದೆ ಅಂದ್ಯಲ್ಲ ಅವತ್ತು, ಆಗ್ಲಿಂದ ನಮ್ಮೋರು ನನ್ ಮೇಲೆ ಕೈ ಮಾಡಿಲ್ಲ.’

ಗುರುಶಾಂತಮ್ಮನ ನಗು ಅಲ್ಲೇ ನಿಂತಿತು. ಎಮ್ಮೆ ಒದೆಯಿತು, ಬಚ್ಚಲಲ್ಲಿ ಜಾರಿದೆ ಅಂತ ಈ ಹೆಣ್ಣು ಹೇಳಿದಾಗಲೆಲ್ಲ ಅವಳು ನಂಬಿದ್ದಳು. ನಂಬಿದ್ದಳು ಅನ್ನುವುದಕ್ಕಿಂತ, ನಂಬಿದರೆ ಕೆಲಸ ಕಡಿಮೆ ಅಂತ ಬಿಟ್ಟಿದ್ದಳು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

‘ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. ಕೈ ಎತ್ತಿದ,’ ಅಂದಳು ಪಂಕಜಾಕ್ಷಿ. ‘ಎತ್ತಿ, ಸುತ್ತಾ ನೋಡಿ, ಹಂಗೇ ಇಳಿಸ್ದ. ಇನ್ನೊಂದು ವಾರ ಹೋದ್ರೆ ಭಯ ಆರೋಯ್ತದೆ, ಇಳಿಸಲ್ಲ ಕಣಕ್ಕ.’

ಅಂಗಳದಲ್ಲಿ ತೀರ್ಥಪ್ಪ ಜೋಳದ ಚೀಲದ ಬಾಯಿ ಹೊಲಿಯುತ್ತಿದ್ದ. ಗುರುಶಾಂತಮ್ಮ ಅವನಿಗೆ ಕೇಳದ ಹಾಗೆ ದನಿ ತಗ್ಗಿಸಿದಳು.

‘ಮಂಗಳವಾರ ಕೋಡಿ ಹತ್ರ ನಿನ್ ಗಂಡನ್ನ ಕರ್ಕಂಡ್ ಬಾ. ಪಾಪಮ್ಮಜ್ಜಿಗೆ ನಾನ್ ಹೇಳಿರ್ತೀನಿ,’ ಅಂದಳು. ‘ಈ ಸಲ ಕರ್ಪೂರ ಅವನ ಕೈಗೆ.’